ಗೆದ್ದ ರಾತ್ರಿ ಯಾಕೆ ನೆನಪಿಲ್ಲ?

2025ರ ಜೂನ್ 3. ಇಲ್ಲಿ ಡಲ್ಲಾಸ್‌ನಲ್ಲಿ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಹಾಸನದಿಂದ ಅಕ್ಕನ ಮಗ ಫೋನ್ ಮಾಡಿದ. ಆರ್‌ಸಿಬಿ ಆಗಷ್ಟೇ ಪಂಜಾಬ್ ಮೇಲೆ 6 ರನ್‌ಗಳಿಂದ ಫೈನಲ್ ಗೆದ್ದಿತ್ತು. ಹದಿನೆಂಟು ವರ್ಷ ಕಾದ ಕಪ್. ಹುಡುಗನಿಗೆ ಮಾತೇ ಹೊರಡುತ್ತಿರಲಿಲ್ಲ. ಅವನ ಹಿಂದೆ ಬೀದಿಯಲ್ಲಿ ಪಟಾಕಿ ಸದ್ದು, ಅಕ್ಕ ಯಾರಿಗೋ ಬಾಗಿಲು ಹಾಕು ಅಂತ ಕೂಗುವ ಸದ್ದು. "ಕೊಹ್ಲಿ ಕೊನೇ ಓವರ್ ಮುಗಿಯೋ ಮುಂಚೆನೇ ಅತ್ತುಬಿಟ್ರು ಮಾವ, ನೋಡಿದ್ರಾ?" ಅಂದ. ನೋಡಿದ್ದೆ. ಆಮೇಲೆ ಸ್ವಲ್ಪ ಸುಧಾರಿಸಿಕೊಂಡು ಕೇಳಿದ: "ನಿಮ್ ಡಲ್ಲಾಸ್ ಟೀಮ್ 2011ರಲ್ಲಿ ಗೆದ್ದಾಗ ನೀವೇನ್ ಮಾಡ್ತಿದ್ರಿ? ಕೊನೇ ನಿಮಿಷದಲ್ಲಿ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. "ಆಮೇಲೆ ಹೇಳ್ತೀನಿ ಕಣೋ, ನೀನು ಹೋಗಿ ಪಟಾಕಿ ಹೊಡಿ" ಅಂದುಬಿಟ್ಟೆ. ಆ ಪ್ರಶ್ನೆ ಅವತ್ತಿನಿಂದ ತಲೆಯಲ್ಲಿ ಕೂತಿದೆ. ಯಾಕಂದರೆ ಡಲ್ಲಾಸ್ ಮ್ಯಾವರಿಕ್ಸ್ ಅನ್ನುವ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡ ಅಮೆರಿಕದ ಎನ್‌ಬಿಎ ಲೀಗ್ ಗೆದ್ದ ಆ ಕೊನೇ ನಿಮಿಷವನ್ನು ನಾನು ನೋಡಿಲ್ಲ. ಹನ್ನೊಂದು ವರ್ಷ ಬೆನ್ನು ಬಿಡದೆ ನೋಡಿದ ತಂಡ. ಆದರೆ ಅದೇ ತಂಡ 2006ರಲ್ಲಿ ಸೋತದ್ದು ಇದೆಯಲ್ಲ, ಅದನ್ನು ಈಗ ಮಧ್ಯರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಎಷ್ಟು ನಿಮಿಷ ಉಳಿದಿತ್ತು, ಯಾರ ಕೈಯಲ್ಲಿ ಬಾಲ್ ಇತ್ತು, ಮಗು ಯಾವ ಹೆಗಲ ಮೇಲೆ ಮಲಗಿತ್ತು, ಎಲ್ಲ. ಗೆದ್ದದ್ದು ಮಂಜು ಮಂಜು. ಸೋತದ್ದು ಕನ್ನಡಿ ಥರ. ಇದು ಯಾಕೆ ಹೀಗೆ?

ಹಳೇ ಟಿವಿ

ನಾನು ಡಲ್ಲಾಸ್‌ಗೆ ಬಂದದ್ದು 2000ದ ಅಕ್ಟೋಬರ್‌ನಲ್ಲಿ. ಆ ಕಾಲದಲ್ಲಿ ಬಂದವರಿಗೆಲ್ಲ ಕನ್ಸಲ್ಟನ್ಸಿಯ ಗೆಸ್ಟ್ ಹೌಸ್ ಅಂದರೆ ಏನು ಅಂತ ಗೊತ್ತು. ಎರಡು ಬೆಡ್‌ರೂಮು, ಆರು ಜನ, ಒಂದು ರೈಸ್ ಕುಕ್ಕರ್. ಅಲ್ಲಿ ಸಿಕ್ಕವನು ದಾವಣಗೆರೆಯ ಗೆಳೆಯ. ಇಬ್ಬರೂ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು. ಸಿಮೆಂಟ್ ಕೋರ್ಟ್, ನೆಟ್ ಇಲ್ಲದ ರಿಂಗು. ನೆಟ್ ಇಲ್ಲದಿದ್ದರೆ ಬಾಲ್ ಒಳಗೆ ಹೋಯಿತೋ ಪಕ್ಕದಲ್ಲಿ ಹೋಯಿತೋ ಅಂತ ದಿನಾ ಜಗಳ. ಆ ಜಗಳದ ಕಥೆ ಹೇಳಿಕೊಂಡೇ ನಾವು ಸ್ನೇಹಿತರಾದೆವು. ಇಬ್ಬರಿಗೂ ರಿಚರ್ಡ್‌ಸನ್‌ನಲ್ಲಿ ಕೆಲಸ ಸಿಕ್ಕಿತು. 75ನೇ ಹೈವೇ ಉದ್ದಕ್ಕೂ ಟೆಲಿಕಾಂ ಕಂಪನಿಗಳು ಸಾಲಾಗಿ ನಿಂತಿದ್ದ ಕಾಲ ಅದು. ಹತ್ತಿರದಲ್ಲೇ ಒಂದು ಅಪಾರ್ಟ್‌ಮೆಂಟ್ ಹಿಡಿದೆವು. ಯಾರೋ ಮನೆ ಖಾಲಿ ಮಾಡುವವರಿಂದ ಒಂದು ಹಳೇ ಟಿವಿ ತಂದೆವು. ದಪ್ಪ ಬೆನ್ನಿನ, ಇಬ್ಬರು ಎತ್ತಬೇಕಾದ ಟಿವಿ.

ಮ್ಯಾವರಿಕ್ಸ್ ತಂಡವನ್ನು ಆಗ ಊರಿನವರೇ ಅಷ್ಟು ನಂಬುತ್ತಿರಲಿಲ್ಲ. 1992-93ರಲ್ಲಿ 82 ಆಟಗಳಲ್ಲಿ ಗೆದ್ದದ್ದು ಬರೀ 11. ಮರುವರ್ಷ 13. ಪ್ಲೇಆಫ್ ಮುಖ ನೋಡಿ ಹತ್ತು ವರ್ಷ ಕಳೆದಿತ್ತು. ಅದಕ್ಕೇ ಟಿಕೆಟ್ ನಮ್ಮಂಥವರ ಕೈಗೆ ಎಟಕುತ್ತಿತ್ತು. ಡೌನ್‌ಟೌನ್‌ನ ರಿಯೂನಿಯನ್ ಅರೀನಾದಲ್ಲಿ, ಛಾವಣಿ ಮುಟ್ಟುವಷ್ಟು ಮೇಲಿನ ಸಾಲಿನಲ್ಲಿ ಕೂತು ನಾನು ಮೊದಲ ಸಲ ಡರ್ಕ್ ನೊವಿಟ್ಸ್ಕಿಯನ್ನು ನೋಡಿದೆ. ಏಳು ಅಡಿ ಎತ್ತರ, ಕೆದರಿದ ಹಳದಿ ಕೂದಲು, ಜರ್ಮನಿಯ ವುರ್ಜ್‌ಬರ್ಗ್ ಊರಿನ ಹುಡುಗ. ನಮ್ಮ ಕಾಲೇಜಿನಲ್ಲಿ ಎತ್ತರ ಇದ್ದವನನ್ನು ರಿಂಗ್ ಕೆಳಗೆ ನಿಲ್ಲಿಸುತ್ತಿದ್ದರು. ಅವನ ಕೆಲಸ ಅಲ್ಲೇ. ಈ ಹುಡುಗ ಮಾತ್ರ ಗೆರೆಯ ಆಚೆ, ದೂರದಲ್ಲಿ ನಿಂತು ಎಸೆಯುತ್ತಿದ್ದ. ಬಾಲ್ ಎಷ್ಟು ಮೇಲೆ ಹೋಗುತ್ತಿತ್ತು ಅಂದರೆ, ಮೇಲಿನ ಸಾಲಿನ ನಮಗೆ ಅದು ನಮ್ಮ ಕಡೆಗೇ ಬರುತ್ತಿದೆ ಅನ್ನಿಸುತ್ತಿತ್ತು. ಆಮೇಲೆ ಸದ್ದಿಲ್ಲದೆ ನೆಟ್ ಒಳಗೆ ಇಳಿಯುತ್ತಿತ್ತು. ಅವನ ಗುರು ಹೋಲ್ಗರ್ ಗೆಶ್ವಿಂಡ್ನರ್ ಗಣಿತ, ಭೌತಶಾಸ್ತ್ರ ಓದಿದವರು, ಹಿಂದೆ ಜರ್ಮನಿಯ ಒಲಿಂಪಿಕ್ ತಂಡದಲ್ಲಿ ಆಡಿದವರು. ಬಾಲ್ ಯಾವ ಕೋನದಲ್ಲಿ ಬಿಟ್ಟರೆ ರಿಂಗ್ ದೊಡ್ಡದಾಗಿ ಸಿಗುತ್ತದೆ ಅಂತ ಲೆಕ್ಕ ಹಾಕಿ ಕಲಿಸಿದ್ದರಂತೆ. ಮೊದಲ ವರ್ಷ ಡರ್ಕ್ ಆಟಕ್ಕೆ ಸರಾಸರಿ ಎಂಟು ಪಾಯಿಂಟ್ ಮಾತ್ರ ಹೊಡೆದಿದ್ದ. ಮೆತ್ತಗಿನ ಹುಡುಗ, ಯುರೋಪಿನವನು, ಇಲ್ಲಿ ನಡೆಯುವುದಿಲ್ಲ ಅಂತ ಎಲ್ಲರೂ ಅಂದಿದ್ದರು. ಅವನು ಮಾತಾಡಲಿಲ್ಲ. ರಾತ್ರಿ ಹೊತ್ತು ಜಿಮ್‌ಗೆ ಹೋಗಿ ಎಸೆದ. ಬೇಸಿಗೆಯಲ್ಲಿ ಜರ್ಮನಿಗೆ ಹೋಗಿ ಅಲ್ಲೂ ಎಸೆದ.

2001ರ ಮಾರ್ಚ್ ನಮಗೆ ಮರೆಯುವ ತಿಂಗಳಲ್ಲ. ಕೋಲ್ಕತ್ತ ಟೆಸ್ಟಿನಲ್ಲಿ ಲಕ್ಷ್ಮಣ್ 281, ದ್ರಾವಿಡ್ 180. ನಾವಿಬ್ಬರೂ ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂತು ಒಂದೊಂದು ಬಾಲಿಗೂ ಪುಟ ರಿಫ್ರೆಶ್ ಮಾಡಿದ್ದೆವು. ಅದಾಗಿ ಒಂದು ತಿಂಗಳಿಗೆ ಮ್ಯಾವ್ಸ್ ಹನ್ನೊಂದು ವರ್ಷದ ನಂತರ ಪ್ಲೇಆಫ್‌ಗೆ ಬಂತು. ಯೂಟಾ ವಿರುದ್ಧ ಐದು ಆಟದ ಸುತ್ತಿನಲ್ಲಿ ಮೊದಲ ಎರಡು ಆಟ ಸೋತು, ಆಮೇಲೆ ಮೂರನ್ನೂ ಗೆದ್ದಿತು. ಕೊನೆಯದು 84-83. ಮುಂದಿನ ಸುತ್ತಿನಲ್ಲಿ ಎದುರಾಳಿಯ ಮೊಣಕೈ ತಗುಲಿ ಡರ್ಕ್‌ನ ಮುಂದಿನ ಹಲ್ಲು ಹೋಯಿತು. ಅವನು ಬಾಯಲ್ಲಿ ಹತ್ತಿ ಒತ್ತಿಕೊಂಡೇ ಇದ್ದ. ಗೆಳೆಯ ಟಿವಿಗೆ ಬೆರಳು ತೋರಿಸಿ ಹೇಳಿದ: "ನೋಡಲೇ, ಇವ್ನು ನಮ್ ದ್ರಾವಿಡ್ ಇದ್ದಂಗೆ ಅದಾನ." ಆ ಮಾತು ನನ್ನ ಮನಸ್ಸಿನಲ್ಲಿ ಹಾಗೇ ಉಳಿಯಿತು. ಕಷ್ಟದ ಕೆಲಸವನ್ನು ಸದ್ದು ಮಾಡದೆ ಮಾಡುವವರನ್ನು ಕಂಡರೆ ನಮಗೆ ಮೊದಲಿನಿಂದಲೂ ಜಾಸ್ತಿ ಪ್ರೀತಿ. ಆ ಜರ್ಮನ್ ಹುಡುಗ ಅವತ್ತೇ ನಮ್ಮ ಮನೆಯವನಾದ.

ಅದೇ ವರ್ಷ ಟೆಲಿಕಾಂ ಕುಸಿಯಿತು. ಪಾರ್ಕಿಂಗ್ ಲಾಟ್‌ಗಳು ವಾರ ವಾರ ಖಾಲಿಯಾಗುತ್ತ ಬಂದವು. ಗೆಳೆಯನ ಕೆಲಸ ಹೋಯಿತು. ವೀಸಾ ಇರುವಷ್ಟು ದಿನ ಓಡಾಡಿದ, ಎಲ್ಲೂ ಸಿಗಲಿಲ್ಲ. 2002ರ ಫೆಬ್ರವರಿಯಲ್ಲಿ ದಾವಣಗೆರೆಗೆ ವಾಪಸ್ ಹೋಗಿ ಅವರ ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತ. ಏರ್‌ಪೋರ್ಟ್‌ನಲ್ಲಿ ಬೇರೆ ಏನೂ ಮಾತಾಡಲಿಲ್ಲ. "ಟಿವಿ ಮಾರಬ್ಯಾಡ" ಅಂದ ಅಷ್ಟೆ.

ಆರೂವರೆ ನಿಮಿಷ

ಈಗ 2006ಕ್ಕೆ ಬರುತ್ತೇನೆ. ಆ ಹೊತ್ತಿಗೆ ನನಗೆ ಮದುವೆಯಾಗಿತ್ತು, ಎಂಟು ತಿಂಗಳ ಮಗಳಿದ್ದಳು. ಗೆಳೆಯ ದಾವಣಗೆರೆಯಲ್ಲಿ, ನಾನು ಇಲ್ಲಿ. ಪ್ಲೇಆಫ್ ಬಂದರೆ ಮಾತ್ರ ಒಂದು ಪದ್ಧತಿ ಇತ್ತು. ಇಲ್ಲಿ ರಾತ್ರಿ ಆಟ ನಡೆಯುವಾಗ ಅಲ್ಲಿ ಬೆಳಿಗ್ಗೆ. ನಾಲ್ಕನೇ ಕ್ವಾರ್ಟರ್, ಅಂದರೆ ಆಟದ ಕೊನೇ ಕಾಲುಭಾಗ, ಶುರುವಾದ ಕೂಡಲೇ ನಾನು ಕಾಲಿಂಗ್ ಕಾರ್ಡಿನಿಂದ ಅವನ ಮೊಬೈಲ್‌ಗೆ ಫೋನ್ ಹಚ್ಚುತ್ತಿದ್ದೆ. ಅವನು ಅಂಗಡಿ ಬಾಗಿಲು ತೆಗೆಯುತ್ತ, ಕಸ ಗುಡಿಸಿ ನೀರು ಚಿಮುಕಿಸುತ್ತ ಕೇಳಿಸಿಕೊಳ್ಳುತ್ತಿದ್ದ. ನಾನು ಕಾಮೆಂಟರಿ ಹೇಳುತ್ತಿದ್ದೆ.

ಆ ವರ್ಷ ಮ್ಯಾವ್ಸ್ ಮೊದಲ ಬಾರಿಗೆ ಫೈನಲ್ಸ್‌ಗೆ ಬಂದಿತ್ತು. ಸ್ಯಾನ್ ಆಂಟೋನಿಯೊವನ್ನು ಏಳನೇ ಆಟದಲ್ಲಿ, ಅವರ ಊರಿನಲ್ಲೇ ಸೋಲಿಸಿ ಬಂದಿತ್ತು. ಮಯಾಮಿ ಮೇಲೆ ಮೊದಲ ಎರಡು ಆಟವೂ ನಮ್ಮವು. ನಾಲ್ಕು ಗೆದ್ದರೆ ಕಪ್. ಊರಲ್ಲಿ ಆಗಲೇ ಮೆರವಣಿಗೆ ಯಾವ ದಾರಿಯಲ್ಲಿ ಅಂತ ಮಾತು ಶುರುವಾಗಿತ್ತು. ಜೂನ್ 13, ಮಂಗಳವಾರ, ಮೂರನೇ ಆಟ, ಮಯಾಮಿಯಲ್ಲಿ. ಮಗಳಿಗೆ ಹಲ್ಲು ಬರುವ ಸಮಯ. ಸಂಜೆಯಿಂದ ಅತ್ತು ಅತ್ತು ಒಂಬತ್ತೂವರೆಗೆ ನನ್ನ ಎಡ ಹೆಗಲ ಮೇಲೆ ನಿದ್ದೆ ಹೋದಳು. ಕೆಳಗೆ ಮಲಗಿಸಿದರೆ ಎದ್ದುಬಿಡುತ್ತಾಳೆ. ಹೆಂಡತಿ ಸುಸ್ತಾಗಿ ಒಳಗೆ ಮಲಗಿದ್ದಳು. ನಾನು ಟಿವಿಯ ಸದ್ದು ಪೂರ್ತಿ ತೆಗೆದು, ನಿಂತುಕೊಂಡೇ, ಬಲಗೈಯಲ್ಲಿ ಫೋನ್ ಹಿಡಿದು ಪಿಸುಮಾತಿನಲ್ಲಿ ಹೇಳುತ್ತಿದ್ದೆ. ಆರೂವರೆ ನಿಮಿಷ ಉಳಿದಾಗ ನಾವು 13 ಪಾಯಿಂಟ್ ಮುಂದೆ. ಗೆಳೆಯ ಆ ಕಡೆ ಯಾರಿಗೋ ಮೊಳೆ ತೂಗಿ ಕೊಡುತ್ತಿದ್ದ. "ಮುಗೀತಲ್ಲ ಬಿಡಪಾ" ಅಂದ. ನಾನೂ ಮುಗೀತು ಅಂದೆ.

ಆಮೇಲೆ ಮಯಾಮಿಯ ಡ್ವೇನ್ ವೇಡ್ ಶುರು ಮಾಡಿದ. ಮೊಣಕಾಲು ಊದಿಕೊಂಡಿದ್ದರೂ ಆವತ್ತು 42 ಪಾಯಿಂಟ್ ಹೊಡೆದ. ಒಂದೊಂದೇ. ನಾನು ಪಿಸುಗುಟ್ಟುತ್ತ ಹೋದೆ. ಒಂಬತ್ತು. ಏಳು. ಐದು. ಮಗಳ ಉಸಿರು ನನ್ನ ಕುತ್ತಿಗೆಗೆ ಬೆಚ್ಚಗೆ ತಾಗುತ್ತಿತ್ತು. ಕೂಗುವ ಹಾಗಿಲ್ಲ, ಕಾಲು ಅಪ್ಪಳಿಸುವ ಹಾಗಿಲ್ಲ. ಟಿವಿಯಲ್ಲಿ ಸಾವಿರಾರು ಜನ ಬಿಳಿ ಬಟ್ಟೆ ಹಾಕಿ ಎದ್ದು ನಿಂತು ಕಿರುಚುತ್ತಿದ್ದಾರೆ, ನಮ್ಮ ಮನೆಯಲ್ಲಿ ಫ್ರಿಜ್ಜಿನ ಸದ್ದು ಮಾತ್ರ. ಗೆಳೆಯ ಮೊದಲು "ಹೂಂ, ಹೂಂ" ಅನ್ನುತ್ತಿದ್ದವನು ಆಮೇಲೆ ಅದನ್ನೂ ನಿಲ್ಲಿಸಿದ. ಸ್ಕೋರ್ ಸಮವಾಯಿತು. ಒಂಬತ್ತು ಸೆಕೆಂಡ್ ಚಿಲ್ಲರೆ ಇದ್ದಾಗ ಅವರ ಗ್ಯಾರಿ ಪೇಟನ್ ಒಂದು ಹಾಕಿದ. 97-95. 3.4 ಸೆಕೆಂಡ್ ಇದ್ದಾಗ ಡರ್ಕ್‌ಗೆ ಎರಡು ಫ್ರೀ ಥ್ರೋ, ಅಂದರೆ ಫೌಲ್‌ಗೆ ಸಿಗುವ, ಯಾರೂ ಅಡ್ಡ ಬರದ, ಒಂದೊಂದು ಪಾಯಿಂಟಿನ ಎಸೆತ, ಸಿಕ್ಕಿತು. ಆ ವರ್ಷ ನೂರಕ್ಕೆ ತೊಂಬತ್ತು ಹಾಕಿದವನು. ಮೊದಲನೆಯದು ಒಳಗೆ. 97-96. ಎರಡನೆಯದನ್ನು ಎಸೆಯುವ ಮುಂಚೆ ಗೆಳೆಯ ಕೇಳಿದ, "ಏನಾತು?" ನಾನು "ತಡಿ" ಅಂದೆ. ಬಾಲ್ ಮೇಲೆ ಹೋಯಿತು. ರಿಂಗ್‌ನ ಅಂಚಿಗೆ ಬಡಿದು ಹೊರಗೆ ಬಂತು.

ನಾನು ಏನೂ ಹೇಳಲಿಲ್ಲ. "ಯಾಕಲೇ ಸುಮ್ನಾದಿ?" ಅಂದ. ಮತ್ತೂ ಹೇಳಲಿಲ್ಲ. ಆ ಕಡೆ ಅಂಗಡಿ ಮುಂದೆ ಒಂದು ಲಾರಿ ಹಾರ್ನ್ ಮಾಡಿದ್ದು ಕೇಳಿಸಿತು. ಆಮೇಲೆ ಅವನೇ ಮೆಲ್ಲಗೆ, "ಹೋತಾ?" ಅಂದ.

ಮುಂದಿನ ಮೂರು ಆಟವನ್ನೂ ಸೋತೆವು. ಐದನೆಯದು ಒಂದೇ ಪಾಯಿಂಟಿನಲ್ಲಿ, ಓವರ್‌ಟೈಮ್‌ನಲ್ಲಿ ಹೋಯಿತು. ಅವತ್ತು ವೇಡ್ ಒಬ್ಬನೇ ನಮ್ಮ ಇಡೀ ತಂಡದಷ್ಟು, ಇಪ್ಪತ್ತೈದು ಫ್ರೀ ಥ್ರೋ ಎಸೆದಿದ್ದ. ಆ ಲೆಕ್ಕವನ್ನು ಡಲ್ಲಾಸ್‌ನವರು ಇವತ್ತಿಗೂ ಮರೆತಿಲ್ಲ. ಜೂನ್ 20ರಂದು ಮಯಾಮಿಯವರು ನಮ್ಮ ಊರಿನಲ್ಲೇ, ನಮ್ಮ ಕೋರ್ಟಿನ ಮೇಲೆ ಕಪ್ ಎತ್ತಿದರು.

2007 ಇನ್ನೂ ಕೆಟ್ಟದಾಗಿತ್ತು. ಅದರ ಬಗ್ಗೆ ಜಾಸ್ತಿ ಬರೆಯಲು ಮನಸ್ಸಾಗುವುದಿಲ್ಲ. ಮಾರ್ಚ್‌ನಲ್ಲಿ ದ್ರಾವಿಡ್ ನಾಯಕತ್ವದ ತಂಡ ವಿಶ್ವಕಪ್‌ನ ಮೊದಲ ಸುತ್ತಿನಲ್ಲೇ ಹೊರಗೆ ಬಿತ್ತು. ಮೇ ತಿಂಗಳಲ್ಲಿ, 82ರಲ್ಲಿ 67 ಆಟ ಗೆದ್ದ ಮ್ಯಾವ್ಸ್, ಎಂಟನೇ ಸ್ಥಾನದ ಗೋಲ್ಡನ್ ಸ್ಟೇಟ್ ಎದುರು ಮೊದಲ ಸುತ್ತಿನಲ್ಲೇ ಸೋತಿತು. ಅದಾದ ಮೇಲೆ ಡರ್ಕ್‌ಗೆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಕೊಟ್ಟರು. ಟ್ರೋಫಿ ಪಕ್ಕ ಅವನು ಕೂತ ಮುಖ ನೋಡಲಾಗಲಿಲ್ಲ. ಆಮೇಲೆ ಗುರುವಿನ ಜೊತೆ ಆಸ್ಟ್ರೇಲಿಯಾದ ಕಾಡುಮೇಡಿಗೆ ಹೋಗಿ ವಾರಗಟ್ಟಲೆ ತಿರುಗಿದನಂತೆ. ಆ ಎರಡೂ ಸೋಲು ನನ್ನೊಳಗೆ ಒಂದೇ ಗಂಟಾಗಿ ಕೂತಿವೆ. ದ್ರಾವಿಡ್ ಮುಖ ನೆನೆದರೆ ಡರ್ಕ್ ಮುಖ ಬರುತ್ತದೆ.

ಲ್ಯಾಪ್‌ಟಾಪಿನಲ್ಲಿ ದಾವಣಗೆರೆ

2011ರ ಹೊತ್ತಿಗೆ ಡರ್ಕ್‌ಗೆ ಮೂವತ್ತೆರಡು. ಹೊಸ ಹುಡುಗರ ತಂಡಗಳ ಮಾತೇ ಎಲ್ಲ ಕಡೆ. ಲೆಬ್ರಾನ್ ಜೇಮ್ಸ್ ಮಯಾಮಿಗೆ ಹೋಗಿ ವೇಡ್ ಜೊತೆ ಸೇರಿದ್ದ. ನಮ್ಮಲ್ಲಿ ಮೂವತ್ತೆಂಟರ ಜೇಸನ್ ಕಿಡ್, ಗಿಡ್ಡ ಆಳು ಬರೇಯಾ, 2006ರ ಸೋಲಿನಲ್ಲಿ ಡರ್ಕ್ ಜೊತೆ ಇದ್ದ ಜೇಸನ್ ಟೆರಿ. ಈ ಟೆರಿ ಸೀಸನ್ ಶುರುವಾಗುವ ಮುಂಚೆಯೇ ತೋಳಿನ ಮೇಲೆ ಎನ್‌ಬಿಎ ಕಪ್‌ನ ಹಚ್ಚೆ ಹಾಕಿಸಿಕೊಂಡಿದ್ದ. ನನಗೆ ಅದು ನೋಡಿ ಭಯವೇ ಆಗಿತ್ತು. ಸಿಗದಿದ್ದರೆ ಆ ತೋಳನ್ನು ಏನು ಮಾಡುವುದು ಅಂತ.

ಏಪ್ರಿಲ್ 2ರ ಶನಿವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಕನ್ನಡದ ಹತ್ತು ಮನೆಯವರು ಒಂದೇ ಮನೆಯಲ್ಲಿ ಸೇರಿ ವಿಶ್ವಕಪ್ ಫೈನಲ್ ನೋಡಿದೆವು. ಉಪ್ಪಿಟ್ಟು, ಕಾಫಿ, ಚಾಪೆ ಮೇಲೆ ಮಕ್ಕಳು. ಧೋನಿ ಸಿಕ್ಸರ್ ಹೊಡೆದಾಗ ಇಲ್ಲಿ ಮಧ್ಯಾಹ್ನ. ಗೆಳೆಯ ಫೋನ್ ಮಾಡಿ, "ಇಪ್ಪತ್ತೆಂಟು ವರ್ಷದ್ದು ತೀರ್ತು. ಇನ್ನ ನಮ್ ಜರ್ಮನ್‌ದು ಒಂದು ಉಳೀತು" ಅಂದ. ಮೂರು ವಾರಕ್ಕೆ ಪೋರ್ಟ್‌ಲ್ಯಾಂಡ್ ಎದುರು 23 ಪಾಯಿಂಟ್ ಮುಂದಿದ್ದು ಸೋತರು. 84-82. ನಾನು ಟಿವಿ ಆರಿಸಿ ಹೆಂಡತಿಗೆ ಹೇಳಿದೆ, ಇನ್ನು ನೋಡಲ್ಲ ಅಂತ. ಅವಳು ಏನೂ ಹೇಳಲಿಲ್ಲ. ಎರಡು ದಿನಕ್ಕೆ ಅವಳೇ ಟಿವಿ ಹಾಕಿದಳು.

ಆಮೇಲೆ ನಡೆದದ್ದು ಡಲ್ಲಾಸ್‌ನವರಿಗೆಲ್ಲ ಬಾಯಿಪಾಠ. ಲೇಕರ್ಸ್ ಮೇಲೆ ನಾಲ್ಕಕ್ಕೆ ನಾಲ್ಕು. ಒಕ್ಲಹೋಮ ಎದುರು ಮೊದಲ ಆಟದಲ್ಲಿ ಡರ್ಕ್ 48 ಪಾಯಿಂಟ್, 24 ಫ್ರೀ ಥ್ರೋ ಎಸೆದು 24ನ್ನೂ ಹಾಕಿದ. 2006ರ ಆ ಒಂದು ಫ್ರೀ ಥ್ರೋ ನನ್ನ ತಲೆಯಲ್ಲಿತ್ತು. ಅವನ ತಲೆಯಲ್ಲೂ ಇದ್ದಿರಬೇಕು. ಫೈನಲ್ಸ್‌ನಲ್ಲಿ ಮತ್ತೆ ಅದೇ ಮಯಾಮಿ. ಮೊದಲ ಆಟ ಸೋತೆವು, ಡರ್ಕ್‌ನ ಎಡಗೈ ಮಧ್ಯದ ಬೆರಳಿನ ಸ್ನಾಯು ಕಿತ್ತುಹೋಯಿತು. ಎರಡನೆಯದರಲ್ಲಿ ಏಳು ನಿಮಿಷ ಉಳಿದಾಗ 15 ಹಿಂದೆ. ಬೆರಳಿಗೆ ಪಟ್ಟಿ ಕಟ್ಟಿಕೊಂಡವನು ಕೊನೆಯ ಒಂಬತ್ತು ಪಾಯಿಂಟನ್ನೂ ತಾನೇ ಹಾಕಿದ. ಗೆಲ್ಲಿಸಿದ ಎಸೆತ ಅದೇ ಪೆಟ್ಟಾದ ಎಡಗೈಯಿಂದ. 95-93. ನಾಲ್ಕನೆಯದರಲ್ಲಿ ಅವನಿಗೆ ಜೋರು ಜ್ವರ. ಬೆಂಚ್ ಮೇಲೆ ಟವೆಲ್ ಮುಖಕ್ಕೆ ಹಾಕಿ ಕೂರುತ್ತಿದ್ದ. ಎದ್ದು ಬಂದು ಆಡುತ್ತಿದ್ದ. 86-83. ಐದನೆಯದೂ ನಮ್ಮದಾಯಿತು.

ಜೂನ್ 12, ಭಾನುವಾರ, ಆರನೇ ಆಟ. ಈಗ ಸ್ಕೈಪ್ ಬಂದಿತ್ತು. ಲ್ಯಾಪ್‌ಟಾಪನ್ನು ಸೋಫಾ ಮೇಲೆ ದಿಂಬಿಗೆ ಒರಗಿಸಿ ಟಿವಿ ಕಡೆ ತಿರುಗಿಸಿ ಇಟ್ಟೆ. ದಾವಣಗೆರೆಯಲ್ಲಿ ಸೋಮವಾರ ಬೆಳಿಗ್ಗೆ. ಗೆಳೆಯ ಅಂಗಡಿ ಬಾಗಿಲು ತೆಗೆಯದೆ ಮನೆಯಲ್ಲೇ ಕೂತಿದ್ದ. ಅವನ ಹೆಂಡತಿ ಹಿಂದೆ ಮಗನಿಗೆ ಶಾಲೆಗೆ ಶೂ ಹಾಕುತ್ತಿದ್ದದ್ದು ಕಾಣುತ್ತಿತ್ತು. ಮೊದಲ ಅರ್ಧದಲ್ಲಿ ಡರ್ಕ್ ಹನ್ನೆರಡು ಎಸೆದು ಒಂದು ಹಾಕಿದ. ಟೆರಿಯೇ ತಂಡವನ್ನು ಹೊತ್ತು ನಡೆದ. ಅವತ್ತು ಅವನದು 27. ನಾಲ್ಕನೇ ಕ್ವಾರ್ಟರ್‌ನಲ್ಲಿ ಡರ್ಕ್ ಎದ್ದ. ಹಿಂದಕ್ಕೆ ವಾಲಿ, ಒಂದು ಕಾಲು ಮಡಚಿ, ಅದೇ ಎಸೆತ. ನಾವು ಮುಂದೆ ಇದ್ದೆವು. ಎಂಟು. ಹತ್ತು. ಸಮಯ ಕರಗುತ್ತಿತ್ತು.

ನನಗೆ ಆಗ ಆದದ್ದನ್ನು ಸರಿಯಾಗಿ ಹೇಳಬೇಕು. ಖುಷಿ ಆಗಲಿಲ್ಲ. ಎಡ ಹೆಗಲು ಭಾರ ಆಯಿತು. ಐದು ವರ್ಷದ ಹಿಂದೆ ಮಗಳು ಮಲಗಿದ್ದ ಜಾಗ. ಅವಳು ಆಗಲೇ ಐದೂವರೆ ವರ್ಷದವಳು, ಒಳಗೆ ಅಮ್ಮನ ಪಕ್ಕ ಮಲಗಿದ್ದಳು. ಆದರೂ ಹೆಗಲು ಭಾರ. ಟಿವಿಯ ಸದ್ದು ತೆಗೆಯಬೇಕು ಅನ್ನಿಸಿತು. ಉಸಿರು ಹಿಡಿದುಕೊಂಡಿತು. ಹಿತ್ತಿಲ ಬಾಗಿಲು ತೆಗೆದು ಹೊರಗೆ ಹೋಗಿಬಿಟ್ಟೆ. ಟೆಕ್ಸಸ್‌ನ ಜೂನ್ ರಾತ್ರಿ, ಬಿಸಿ ಗಾಳಿ, ಜೀರುಂಡೆ ಸದ್ದು. ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಪಕ್ಕದ ಬೀದಿಯಿಂದ ಒಂದು ಕಾರಿನ ಹಾರ್ನ್. ಆಮೇಲೆ ಇನ್ನೊಂದು. ಆಮೇಲೆ ಊರಿಗೆ ಊರೇ. ಆಗಲೂ ನಾನು ಅಲ್ಲೇ ನಿಂತಿದ್ದೆ. ಒಳಗಿನಿಂದ ಗೆಳೆಯನ ದನಿ ಕೇಳಿಸುತ್ತಿತ್ತು. ಖಾಲಿ ಕೋಣೆಗೆ, ದಿಂಬಿಗೆ ಒರಗಿದ ಲ್ಯಾಪ್‌ಟಾಪಿನಿಂದ: "ಲೇ! ಎಲ್ಲಿ ಹೋದ್ಯಲೇ! ಬಾರಲೇ!"

ಒಳಗೆ ಹೋದೆ. ಅವನು ಅಳುತ್ತಿದ್ದ. 105-95 ಅಂದ. ಕೊನೆಯ ನಿಮಿಷದಲ್ಲಿ ಏನಾಯಿತು ಅಂತ ಒಂದೊಂದಾಗಿ ಅವನೇ ಹೇಳಿದ. 2006ರಲ್ಲಿ ನಾನು ಅವನಿಗೆ ಹೇಳಿದ ಹಾಗೆ. ಒಂಬತ್ತು ಸಾವಿರ ಮೈಲಿ ಆಚೆ ಕೂತವನು ನನ್ನ ಮನೆಯ ಟಿವಿಯಲ್ಲಿ ನಡೆದದ್ದನ್ನು ನನಗೆ ಹೇಳುತ್ತಿದ್ದ. "ಡರ್ಕ್ ಎಲ್ಲಿ?" ಅಂತ ಕೇಳಿದೆ. ಟಿವಿಯಲ್ಲಿ ಎಲ್ಲರೂ ಅಪ್ಪಿಕೊಂಡು ಕುಣಿಯುತ್ತಿದ್ದರು, ಅವನು ಕಾಣಲಿಲ್ಲ. "ಅವ್ನೂ ಹೋದ. ಟೈಮ್ ಮುಗಿಯೋಕಿಂತ ಮೊದ್ಲ, ಟೇಬಲ್ ದಾಟಿ ಒಳಗ ಹೋದ" ಅಂದ.

ನಿಜ. ಗಡಿಯಾರ ಸೊನ್ನೆಗೆ ಬರುವ ಮುಂಚೆಯೇ ಡರ್ಕ್ ಸ್ಕೋರರ್ ಟೇಬಲ್ ದಾಟಿ ಲಾಕರ್ ರೂಮಿಗೆ ಓಡಿದ್ದ. ಒಳಗೆ ಒಬ್ಬನೇ ಅತ್ತ. ಕಪ್ ಕೊಡುವ ಹೊತ್ತಾಯಿತು ಬಾ ಅಂತ ತಂಡದವರು ಹೋಗಿ ಕರೆದುಕೊಂಡು ಬರಬೇಕಾಯಿತು. ಬಂದ. ಕಣ್ಣು ಕೆಂಪಾಗಿತ್ತು. ಕಪ್ಪನ್ನು ಮೊದಲು ಕೊಟ್ಟದ್ದು 1980ರಲ್ಲಿ ತಂಡ ಕಟ್ಟಿದ ಡೊನಾಲ್ಡ್ ಕಾರ್ಟರ್ ಅವರ ಕೈಗೆ. ಮಾಲೀಕ ಮಾರ್ಕ್ ಕ್ಯೂಬನ್ ಹಿಂದೆ ನಿಂತು ಆ ಹಿರಿಯರನ್ನು ಮುಂದೆ ಬಿಟ್ಟಿದ್ದರು. ಕೌಬಾಯ್ ಹ್ಯಾಟ್ ಹಾಕಿದ ಆ ಮುದುಕರನ್ನು ನೋಡಿದಾಗ ನನಗೆ ಕಣ್ಣು ತುಂಬಿತು. ನಾನು ಅವತ್ತು ಅತ್ತದ್ದು ಆಗ.

ನಾಲ್ಕನೇ ದಿನ

ಮೆರವಣಿಗೆ ಜೂನ್ 16ಕ್ಕೆ. ಗೆದ್ದ ನಾಲ್ಕನೇ ದಿನ, ಗುರುವಾರ ಬೆಳಿಗ್ಗೆ. ಆಫೀಸಿಗೆ ರಜೆ ಹಾಕಿ ಮಗಳನ್ನು ಕರೆದುಕೊಂಡು ರೈಲಿನಲ್ಲಿ ಡೌನ್‌ಟೌನ್‌ಗೆ ಹೋದೆ. ಸುಡು ಬಿಸಿಲು. ಲಕ್ಷಾಂತರ ಜನ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡೆ, ಎರಡೂ ಹೆಗಲಿಗೆ ಒಂದೊಂದು ಕಾಲು. ಡರ್ಕ್ ಬಂದಾಗ ನನಗೆ ಜನರ ಬೆನ್ನು ಬಿಟ್ಟು ಏನೂ ಕಾಣಲಿಲ್ಲ. ಅವಳಿಗೆ ಕಾಣಿಸಿತು. "ಅಪ್ಪಾ, ಉದ್ದ ಅಂಕಲ್ ಕಪ್ ಎತ್ತಿದ್ರು" ಅಂದಳು. ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಹೆಂಗಸೊಬ್ಬರು ಅವಳ ಕೈಗೆ ನೀರಿನ ಬಾಟಲಿ ಕೊಟ್ಟರು.

ಆ ಬೆಳಿಗ್ಗೆಯನ್ನು ಇಷ್ಟು ದಿನ ಸುಮ್ನೆ ಒಳ್ಳೆಯ ನೆನಪು ಅಂತ ಇಟ್ಟುಕೊಂಡಿದ್ದೆ. 2025ರ ಜೂನ್ 4ರ ನಂತರ ಅದನ್ನು ಹಾಗೆ ನೆನೆಯಲು ಆಗುತ್ತಿಲ್ಲ. ಆರ್‌ಸಿಬಿ ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನ ಹೊರಗೆ ಹನ್ನೊಂದು ಜನ ಸತ್ತರು. ಅವರೂ ಕಪ್ ನೋಡಲು ಹೋದವರೇ. ನನ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಾನು ಹೋದ ಹಾಗೆ. ನಾವು ಮನೆಗೆ ವಾಪಸ್ ಬಂದೆವು. ಅಕ್ಕನ ಮಗ ಆ ಸಂಜೆ ಮತ್ತೆ ಫೋನ್ ಮಾಡಿದ. ಇಬ್ಬರೂ ಹೆಚ್ಚು ಮಾತಾಡಲಿಲ್ಲ. "ಹೊರಗೆ ಹೋಗಬೇಡ" ಅಂದೆ. ಅವನು ಹಾಸನದಲ್ಲಿದ್ದಾನೆ, ಹೋಗಲು ಅಲ್ಲಿ ಏನೂ ಇಲ್ಲ ಅಂತ ಗೊತ್ತಿದ್ದೂ ಅಂದೆ.

ಪ್ರತಿಮೆಯ ಮುಂದೆ

ಸೋಲು ಯಾಕೆ ಇಷ್ಟು ಸ್ಪಷ್ಟ ಅನ್ನುವುದಕ್ಕೆ ನನಗೆ ಈಗ ಒಂದು ಉತ್ತರ ಇದೆ. ಸೋಲನ್ನು ನಾನು ಐದು ವರ್ಷ ದಿನಾ ರಾತ್ರಿ ಮತ್ತೆ ಆಡಿದ್ದೇನೆ. ಆ ಆರೂವರೆ ನಿಮಿಷವನ್ನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಇಲ್ಲಿ ಟೈಮ್‌ಔಟ್ ತಗೊಳ್ಳಬೇಕಿತ್ತು, ಇಲ್ಲಿ ವೇಡ್‌ಗೆ ಇಬ್ಬರು ಅಡ್ಡ ನಿಲ್ಲಬೇಕಿತ್ತು. ತಿದ್ದುವಾಗಲೆಲ್ಲ ಅದು ಇನ್ನಷ್ಟು ಗಟ್ಟಿಯಾಯಿತು. ಗೆದ್ದದ್ದರಲ್ಲಿ ತಿದ್ದಲು ಏನಿದೆ? ಒಂದು ಸಲ ನೋಡಿ ಕೆಳಗಿಟ್ಟೆ. ಅದನ್ನೂ ಪೂರ್ತಿ ನೋಡಲಿಲ್ಲ. ಹೊರಗೆ ಹೋದದ್ದು ಹೆದರಿಕೆಯಿಂದ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಅಷ್ಟು ವರ್ಷ ಎದೆಯಲ್ಲಿ ಹೊತ್ತದ್ದನ್ನು ಒಂದೇ ಕ್ಷಣಕ್ಕೆ ಇಳಿಸು ಅಂದರೆ ಮೈ ಒಪ್ಪಲಿಲ್ಲ, ಅಷ್ಟೆ. ಡರ್ಕ್‌ಗೂ ಹಾಗೇ ಆಗಿರಬಹುದು. ಕೊಹ್ಲಿಗೂ.

ಡರ್ಕ್ 2019ರಲ್ಲಿ ನಿವೃತ್ತನಾದ. ಇಪ್ಪತ್ತೊಂದು ಸೀಸನ್, ಒಂದೇ ತಂಡ. 2022ರ ಕ್ರಿಸ್‌ಮಸ್ ದಿನ ಈಗಿನ ಅರೀನಾದ ಹೊರಗೆ ಅವನ ಪ್ರತಿಮೆ ನಿಂತಿತು. ಒಂಟಿ ಕಾಲಲ್ಲಿ ಹಿಂದಕ್ಕೆ ವಾಲಿ ಎಸೆಯುವ ಭಂಗಿ. ನಿಷ್ಠೆ ಎಂದೂ ಮಾಸುವುದಿಲ್ಲ ಅನ್ನುವ ಅರ್ಥದ ಮಾತು ಬುಡದಲ್ಲಿದೆ. 2025ರ ಫೆಬ್ರವರಿಯಲ್ಲಿ ಡರ್ಕ್ ನಂತರದ ತಾರೆ ಲೂಕಾ ಡಾನ್ಚಿಚ್‌ನನ್ನು ತಂಡ ಬೇರೆಯವರಿಗೆ ಕೊಟ್ಟಾಗ ಊರಿನ ಜನ ಬಂದು ಸೇರಿದ್ದು ಇದೇ ಪ್ರತಿಮೆಯ ಹತ್ತಿರ.

ಗೆಳೆಯ 2023ರ ಅಕ್ಟೋಬರ್‌ನಲ್ಲಿ ಡಲ್ಲಾಸ್‌ಗೆ ಬಂದಿದ್ದ. ಇಪ್ಪತ್ತೊಂದು ವರ್ಷದ ನಂತರ. ಅವನ ಮಗ ಇಲ್ಲಿ ಓದಲು ಬಂದಿದ್ದ. ರಿಚರ್ಡ್‌ಸನ್‌ನ ನಮ್ಮ ಹಳೇ ಅಪಾರ್ಟ್‌ಮೆಂಟ್ ತೋರಿಸಿದೆ. ಕೆಲಸ ಕಳೆದುಕೊಂಡ ಆಫೀಸ್ ಕಟ್ಟಡದ ಮುಂದೆ ಕಾರು ನಿಲ್ಲಿಸಲೇ ಅಂದೆ, ಬೇಡ ಅಂದ. ರಿಯೂನಿಯನ್ ಅರೀನಾ ಇದ್ದ ಜಾಗ ಕೇಳಿದ. ಅದನ್ನು 2009ರಲ್ಲೇ ಕೆಡವಿದರು ಅಂದೆ. ಸಂಜೆ ಪ್ರತಿಮೆ ಹತ್ತಿರ ಹೋದೆವು. ಅವತ್ತು ಆಟ ಇರಲಿಲ್ಲ, ಜನ ಇರಲಿಲ್ಲ. ಗೆಳೆಯ ಸುತ್ತ ಒಂದು ಸುತ್ತು ಬಂದ. ಕತ್ತೆತ್ತಿ ಆ ಕಂಚಿನ ಕೈ, ಕೈ ತುದಿಯ ಬಾಲ್ ಬಹಳ ಹೊತ್ತು ನೋಡಿದ. 2011ರ ಮಾತು ಎತ್ತುತ್ತಾನೆ ಅಂದುಕೊಂಡೆ.

"ಆ ಎರಡನೇ ಫ್ರೀ ಥ್ರೋ" ಅಂದ. "ಬಿದ್ದಿದ್ರ ಸಮ ಆಗ್ತಿತ್ತು, ಅಲ್ವಾ?"

"97-97" ಅಂದೆ.

"ಓವರ್‌ಟೈಮ್‌ನ್ಯಾಗ ನಾವ ಗೆಲ್ತಿದ್ವಿ."

"ಗೆಲ್ತಿದ್ವಿ ಕಣೋ."

ಅಲ್ಲೇ ಕಟ್ಟೆ ಮೇಲೆ ಕೂತೆವು. ಆ ಆರೂವರೆ ನಿಮಿಷವನ್ನು ಮೊದಲಿನಿಂದ ಶುರು ಮಾಡಿದೆವು.